ಎಳೆ-ವರ್ಷ

ಮಾಪಕ ಇರಲಿಲ್ಲ ಆಗ. ಇದ್ದಿದ್ದರೆ
ಈ ಅಡುಗೆಮನೆಯಲ್ಲಿ ನಾನು ಕೂರಬೇಕಿರಲಿಲ್ಲ,
ಮೊಂಫಾಲ್ಕೋನೆಯ ಮೂರನೆಯ ಮಹಡಿಯಲ್ಲಿ,
ಕಿಟಕಿಯ ಸಂದಿಗೆ ಚಿಂದಿ ತುರುಕಿ
ಬೋರಾ ಗಾಳಿಯನ್ನು ಹೊರಗಿಟ್ಟವರ ಎದುರಿಗೆ
ಸರ್ಕಾರಿ ನಮೂನೆ ಬಿಡಿಸಿಕೊಂಡು.

ನನ್ನ ಕೆಲಸ, ಹೋದ ಗಾಳಿಯನ್ನು ಅಳೆಯುವುದು.
ಸಕ್ಕರೆ ತುಂಡಿನಷ್ಟು ಗಾಳಿಯಲ್ಲಿ ಕಲ್ನಾರಿನ ಎಳೆ ಎಷ್ಟು,
ಎಷ್ಟು ವರ್ಷ ಉಸಿರಾಡಿದಿರಿ,
ಗುಣಿಸಿದರೆ ಎಳೆ-ವರ್ಷ.
ಇಪ್ಪತ್ತೈದು ಮುಟ್ಟಿದರೆ
ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇಮ್ಮಡಿ
ಎನ್ನುತ್ತದೆ ಕೋಷ್ಟಕ.

"ಧೂಳು ಎಷ್ಟಿತ್ತು?"
"ಇತ್ತು" ಅಂದ ದುಯಿಲಿಯೊ.
"ಸ್ವಲ್ಪವೋ, ಮಧ್ಯಮವೋ, ಜಾಸ್ತಿಯೋ?"
ನಕ್ಕ. ನಗೆ ಕೆಮ್ಮಾಯಿತು. ಕಾದೆ.
ಕೆಮ್ಮಿಗೆ ನನ್ನ ನಮೂನೆಯಲ್ಲಿ ಅಂಕಣವಿಲ್ಲ.

"ಬಾಯ್ಲರ್ ಕೋಣೆಯ ಆ ತುದಿಗೆ ವಿಂಕೊ,
ಈ ತುದಿಗೆ ನಾನು. ನಡುವೆ ಹನ್ನೆರಡು ಹೆಜ್ಜೆ.
ಗೋಣಿ ಬಿಚ್ಚಿ ಕಲಸುವ ದಿನ
ವಿಂಕೊ ಇಲ್ಲ, ಅವನ ಶಿಳ್ಳೆ ಮಾತ್ರ."
ಈಗ ಶಿಳ್ಳೆಯೂ ಇಲ್ಲ, ಅಂತ ಅವನೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಆಮೇಲೆ, ಮೂಗಿನ ಕೊಳವೆ ಸರಿಮಾಡಿಕೊಂಡು
ಡಬ್ಬಿಯಿಂದ ಒಂದು ಹಿಡಿ ಮೈದಾ ತೆಗೆದ.
ಬಿಸಿಲ ಕೋಲಿಗೆ ಎರಚಿದ.
"ಇಷ್ಟಾ?" ನಾನು ಕೇಳಿದೆ.
"ಇಲ್ಲ." ಇನ್ನೊಂದು ಹಿಡಿ.
"ಇಷ್ಟಾ?"
"ಇದು ಕೂರುತ್ತದಲ್ಲ ನೋಡಿ,
ಅದು ಕೂರುತ್ತಿರಲಿಲ್ಲ."
ಒಂದಿನಾ ಒಲೆಯ ಹತ್ತಿರ ನಿಂತೇ ಇದ್ದಳು,
ಹಿಟ್ಟು ಹಾಳಾಯಿತೆಂದು ಬೈಯದೆ.

ಅರವತ್ತೆಂಟರಿಂದ ಎಪ್ಪತ್ತೊಂದು: ದಾಖಲೆ ಇಲ್ಲ.
ಗುತ್ತಿಗೆದಾರ ಬಾಗಿಲು ಮುಚ್ಚಿದ,
ಸಂಬಳದ ಚೀಟಿಗಳನ್ನು ಯಾರೋ ಒಲೆಗೆ ಹಾಕಿದರು.
ಇಂಥ ಕಡೆ ನಾವು ಸರಾಸರಿ ಹಾಕುತ್ತೇವೆ,
ಹರಿದ ಅಂಗಿಗೆ ಬೇರೆಯವರ ತೇಪೆ.
ಪೆನ್ನು ಎತ್ತಿದ್ದೆ. ಅವಳು ಒಳಗೆ ಹೋಗಿ
ಮಾಂಸದಂಗಡಿಯ ಹಳೆಯ ಕ್ಯಾಲೆಂಡರುಗಳ
ಸುರುಳಿ ತಂದಳು. ಕೆಲವು ತಾರೀಖಿನ ಸುತ್ತ
ಪೆನ್ಸಿಲಿನ ಸೊನ್ನೆ.
ದುಯಿಲಿಯೊ ನಾಚಿ ಮುಖ ತಿರುಗಿಸಿದ.

"ಅದಲ್ಲ" ಅಂದಳು. "ಬಚ್ಚಲ ತೂಬು."

ಅವನ ಕೆಲಸದ ಬಟ್ಟೆ ಒಗೆದ ನೀರು
ಕಟ್ಟಿಕೊಂಡ ದಿನಗಳವು. ಕ್ರೋಷಾ ಕಡ್ಡಿಯಿಂದ
ಕೆದಕಿ ತೆಗೆಯುತ್ತಿದ್ದಳಂತೆ ಬೂದು ಕಂಬಳಿಯಂಥದ್ದು,
ಅಂಗೈಯಲ್ಲಿ ಹಿಂಡಿದರೆ ಉಂಡೆಯಾಗುವಂಥದ್ದು.
ಎರಡು ಹಡಗು ಒಟ್ಟಿಗೆ ಏರಿದ ವಸಂತದಲ್ಲಿ
ಒಂಬತ್ತು ದಿನಕ್ಕೊಂದು ಸೊನ್ನೆ.
ಮುಷ್ಕರದ ಶರತ್ಕಾಲ ಪೂರ್ತಿ ಖಾಲಿ.
ಇಷ್ಟು ಪ್ರಾಮಾಣಿಕ ದಾಖಲೆ
ಯಾವ ಕಂಪನಿಯಿಂದಲೂ ನನಗೆ ಬಂದಿಲ್ಲ.

ಲೆಕ್ಕ ಹಾಕಿದೆ. ಮೂವತ್ತೊಂದು.
"ಅಂದರೆ ಪಾಸೇ?" ಕೇಳಿದ ದುಯಿಲಿಯೊ.
ಹೌದೆಂದೆ. ಬೇರೆ ಮಾತು ಸಿಗಲಿಲ್ಲ.

"ನನ್ನದು?" ಅಂದಳು ಒಂದಿನಾ.
"ಒಗೆಯುವ ಮೊದಲು ಕೊಡವಬೇಕಲ್ಲ.
ಬಾಲ್ಕನಿಯಲ್ಲಿ. ಬೋರಾ ಬೀಸಿದ ದಿನ ಒಳಗೆ,
ಇಲ್ಲೇ, ನೀವು ಕೂತಲ್ಲಿ."
ಬೆನ್ನಿನ ಎಡಕ್ಕೆ ಕೈಯಿಟ್ಟು ತೋರಿಸಿದಳು:
ಕಳೆದ ತಿಂಗಳಿಂದ ಇಲ್ಲಿ ನೀರು ತುಂಬುತ್ತಿದೆಯಂತೆ.
ಯಾರಿಗೂ ಹೇಳಿರಲಿಲ್ಲ. ಅವನಿಗೂ.

ಉದ್ಯೋಗ: ಗೃಹಿಣಿ ಎಂದು ಬರೆದರೆ
ನನ್ನ ಕೋಷ್ಟಕ ತಾನಾಗಿ ಸೊನ್ನೆ ತುಂಬುತ್ತದೆ.
ಶ್ವಾಸಕೋಶದ ಪೊರೆಗೆ ಹಿಡಿಯುವ ಆ ಕ್ಯಾನ್ಸರಿಗಾದರೋ
ಇಷ್ಟರ ಕೆಳಗೆ ಭಯವಿಲ್ಲ ಎಂಬ ಅಂಕಿಯೇ ಇಲ್ಲ.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ, ಅನ್ನುತ್ತಾರೆ.
ನಾರಿನ ಜೊತೆ ಹೋಗುವುದಕ್ಕೆ
ಗಾದೆ ಯಾರೂ ಕಟ್ಟಿಲ್ಲ.

ಕ್ಯಾಲೆಂಡರನ್ನು ಮತ್ತೆ ಮೊದಲಿಂದ ತೆಗೆದೆ,
ಇನ್ನೊಂದು ಹಾಳೆಯ ಮೇಲೆ ಅವಳ ಹೆಸರು ಬರೆದು.
ಅವನು ಅವಳನ್ನೇ ನೋಡುತ್ತಿದ್ದ,
ಹನ್ನೆರಡು ಹೆಜ್ಜೆ ಆಚೆಗಿದ್ದಾಳೇನೋ ಎಂಬಂತೆ.
ಮೇಜಿನ ಮೇಲೆ ಹಿಟ್ಟು, ಅದರಲ್ಲಿ ನಮ್ಮ ಮೊಳಕೈಗಳ ಗುರುತು.
ಅವಳು ಬಟ್ಟೆ ತಂದಳು. ನಲ್ಲಿಗೆ ಹಿಡಿದಳು.
ಒದ್ದೆ ಮಾಡಿ, ಅಂಚಿನಿಂದ ಒಳಕ್ಕೆ, ಏಳದ ಹಾಗೆ,
ಮೆಲ್ಲಗೆ ಒರೆಸಿದಳು.